ಪಂಢರಿಯವರ ಪಥ್ಯ
ಭಾಲ್ಕಿಯ ನಮ್ಮ ಕಾಲೇಜಿನ ಗುಮಾಸ್ತ ಪಂಢರಿಯವರು, ಯಾವ ಊರಿನ ಹೆಸರು ಬಂದರೂ ಮೊದಲು ಅಲ್ಲಿಯ ಶೌಚಾಲಯ ಎಲ್ಲಿದೆ ಎಂದು ವಿಚಾರಿಸುವವರು. ಬರಬರುತ್ತ ಬಸ್ಸು ಹತ್ತುವುದನ್ನೇ ಬಿಟ್ಟಿದ್ದರು. ಕರುಳಿನಲ್ಲಿ ಹುಣ್ಣಿಲ್ಲ, ಗಂಟಿಲ್ಲ, ಅದು ಸುಮ್ಮನೆ ಸಿಡುಕುತ್ತದೆ ಎಂದು ವೈದ್ಯರು ಹೇಳಿದ ಮೇಲೂ ತಪ್ಪೆಲ್ಲ ಖಾರದ್ದೆಂದು ನಂಬಿ ಒಂಬತ್ತು ವರ್ಷ ಸಪ್ಪೆ ಪಲ್ಯ ಉಂಡರು. ಹಸಿ ಉಳ್ಳಾಗಡ್ಡಿ ಮಾತ್ರ ಹೊಟ್ಟೆಗೆ ತಂಪೆಂದು ಊಟಕ್ಕೊಂದು. ಹಾಲಿನ ಚಹಾ ದಿನಕ್ಕೆ ಆರು ಕಪ್ಪು. ಕಳೆದ ವರ್ಷ ಬೀದರಿನಿಂದ ಬಂದ ಆಹಾರತಜ್ಞೆ ಇರಮ ಅವರು ಒಂದೊಂದೇ ಪದಾರ್ಥ ಬಿಡಿಸಿ, ಮತ್ತೆ ತಿನ್ನಿಸಿ, ಪ್ರತಿದಿನದ ಹೊಟ್ಟೆಯ ಸ್ಥಿತಿ ಬರೆಸಿದರು. "ಮೆಣಸಿನಕಾಯಿ ಬೇಕಸೂರ ಅದರಿ, ಅದರದೇನೂ ತಪ್ಪಿಲ್ರಿ. ಉಳ್ಳಾಗಡ್ಡಿ, ಹಾಲು ನಿಮಗ ಆಗಂಗಿಲ್ರಿ" ಎಂದರು. ಅಂದಿನಿಂದ ಯಾರ ಮನೆಯಲ್ಲಿ ಚಹಾ ಬಂದರೂ ಪಂಢರಿಯವರು ಕೈಮುಗಿದು, "ಸಿಟ್ಟಾಗಬ್ಯಾಡ್ರಿ, ನಮ್ಮ ಹೊಟ್ಟಿ ಪರವಾನಗಿ ಕೊಡವಲ್ದರಿ" ಎನ್ನುತ್ತಾರೆ. ಮೂರು ತಿಂಗಳಲ್ಲಿ ಹೊಟ್ಟೆ ಹತೋಟಿಗೆ ಬಂದು ಅವರ ನಡಿಗೆಯೇ ಬದಲಾಯಿತು. ಭಾವುಬೀಜವೆಂದರೆ ಅಣ್ಣ ತಂಗಿಯ ಮನೆಗೆ ಹೋಗಿ ಉಣ್ಣುವ ಹಬ್ಬ. ಈ ಸಲ ಅವರು ಡಾಬಕಾದ ತಂಗಿ ಜಿಜಾಬಾಯಿಯವರ ಮನೆಗೆ ನನ್ನನ್ನೂ ಬಸ್ಸಿನಲ್ಲಿ ಕರೆದೊಯ್ದರು. ಒಂಬತ್ತು ವರ್ಷ ಆಕೆಯೇ ಆರತಿ ತಟ್ಟೆ ಹಿಡಿದು ಭಾಲ್ಕಿಗೆ ಬರುತ್ತಿದ್ದರೆಂಬುದು ನನಗೆ ಅಲ್ಲಿಯೇ ತಿಳಿಯಿತು. ಹಣೆಗೆ ಕುಂಕುಮ ಇಡುತ್ತ ಆಕೆ ಮೆಲ್ಲಗೆ, "ದಾರ್ಯಾಗ ಎಷ್ಟ ಸಲ ಇಳದಿಯಣ್ಣಾ?" ಎಂದು ಕೇಳಿದರು. "ಒಮ್ಮಿ ಇಳದೇನವ್ವ, ನಿಮ್ಮೂರ ಬಂದಾಗ" ಎಂದರು ಪಂಢರಿಯವರು. ಜಿಜಾಬಾಯಿಯವರು ಒಳಗೆ ಹೋಗಿ, ಬಿಸಿ ಜೋಳದ ರೊಟ್ಟಿಯ ಜೊತೆ ಕೆಂಪು ಚಟ್ನಿಯನ್ನೂ ತಂದು ಬಡಿಸಿದರು.