‘ರನ್’ಗೆ ಹನ್ನೊಂದು ಎಲೆ

ಶಿಡ್ಲಘಟ್ಟದಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದಾಗ, ರೇಷ್ಮೆಹುಳು ಸಾಕುತ್ತಿದ್ದ ಮುನಿಯಮ್ಮ ಸಂಜೆ ಪಾಠಕ್ಕೆ ಬರುತ್ತಿದ್ದರು. ಪರೀಕ್ಷೆ ಪಾಸಾದರೆ ಅವರಿಗೆ ದಾದಿಯ ತರಬೇತಿ ಸಿಗುತ್ತಿತ್ತು. ಒಂದು ದಿನ ‘ರನ್’ ಎಂಬ ಮಾತಿಗೆ ಹನ್ನೊಂದು ಅರ್ಥ ಬರೆಸಿದೆ. ಅವರು ಸ್ಲೇಟು ಮಗುಚಿಟ್ಟರು.

“ನಾಳೆಯಿಂದ ಬರಲ್ಲ ಸ್ವಾಮಿ. ಇದು ನನ್ನ ತಲೆಗೆ ಹತ್ತಲ್ಲ.”

“ದೇವರ ನೂರೆಂಟು ಹೆಸರು ಹೇಳ್ತೀರಲ್ಲಮ್ಮ?”

“ಅದು ಪತ್ರೆ ಏರಿಸ್ಕೊಂಡು ಹೇಳೋದು.”

ಆದರೂ ಮರುದಿನ ಮಡಿಲು ತುಂಬ ಹಿಪ್ಪುನೇರಳೆ ಸೊಪ್ಪಿನೊಂದಿಗೆ ಬಂದರು. ಸ್ಲೇಟಿನ ಮೇಲೆ ಒಂದೊಂದೇ ಎಲೆ ಹಾಕುತ್ತಾ, “ಓಡೋದು, ನಮಃ. ನೀರು ಹರಿಯೋದು, ನಮಃ. ಅಂಗಡಿ ನಡೆಸೋದು, ನಮಃ” ಎಂದು ಹನ್ನೊಂದನ್ನೂ ಒಪ್ಪಿಸಿದರು.

ಪರೀಕ್ಷೆಯ ಉತ್ತರದಲ್ಲೂ ನಮಃ ಬರೆದಾರೆಂದು ಹೆದರಿ, ಫಲಿತಾಂಶ ಬರುವವರೆಗೂ ದೇವರಿಗೆ ಮೊರೆಯಿಟ್ಟೆ. ಪಾಸಾದರು. ಆಮೇಲೆ ಮೆಲ್ಲಗೆ ಕೇಳಿದೆ.

“ಬರೀಲಿಲ್ಲ ಸ್ವಾಮಿ, ಬಾಯಲ್ಲಿ ಅಂದ್ಕೊಂಡೆ ಅಷ್ಟೆ. ಕಾವಲಿಗಿದ್ದ ಮೇಷ್ಟ್ರು ಕೈಮುಗಿದು ಮುಂದಕ್ಕೆ ಹೋದರು.”