ತೆಂಗಿನ ನೀರು ಕುಡಿದ ಗಾಡಿ

ನವಸಾಗರದ ಹೊಗೆಯ ಘಾಟು ಜುಬೇದಾಬಿಗೆ ಇವತ್ತಿಗೂ ನೆನಪಿದೆ. ಅಪ್ಪ ಬಾಬಾಜಾನ ಊರೂರು ತಿರುಗಿ ತಾಮ್ರದ ಹಂಡೆಗಳಿಗೆ ಕಲಾಯಿ ಹಾಕುತ್ತಿದ್ದರು. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದೊಡನೆ ಬಿಳಿ ಹೊಗೆ ಎದ್ದು, ತಿದಿ ಒತ್ತುತ್ತ ಕುಳಿತ ಮಗಳ ಕಣ್ಣು ಉರಿಯುತ್ತಿತ್ತು. ಸ್ಟೀಲ್ ಪಾತ್ರೆ ಬಂದ ಮೇಲೆ ಕಲಾಯಿ ನಿಂತಿತು. ಬೆಸುಗೆಯ ಹದ ಮಗಳ ಕೈಯಲ್ಲಿ ಉಳಿಯಿತು. ಮೊದಲು ರೇಡಿಯೊ, ಆಮೇಲೆ ಟಿ.ವಿ., ಈಗ ಹನ್ನೊಂದು ವರ್ಷಗಳಿಂದ ಕಾರಿನ ಕೀಲಿ.

ಬೈಲಹೊಂಗಲದ ಅವರ ಅಂಗಡಿಗೆ ದಿನಕ್ಕೆ ನಾಲ್ಕೈದು ರಿಮೋಟ್ ಬರುತ್ತವೆ. ಮಾನವಮಿ ಮುಗಿದ ವಾರದಲ್ಲಿ ಅದರ ಎರಡರಷ್ಟು. ಆಯುಧ ಪೂಜೆಯ ದಿನ ಭಕ್ತಿ ಉಕ್ಕಿ ಗಾಡಿಯೊಳಗೂ ಕಾಯಿಯ ನೀರು ಚಿಮುಕಿಸುತ್ತಾರೆ. ಅದು ಸಂದಿಯಲ್ಲಿ ಇಳಿದು, ಕೀಲಿಯ ಗುರುತು ಹಿಡಿಯುವ ಡಬ್ಬಿಯನ್ನು ಸೇರುತ್ತದೆ. ನಾಲ್ಕು ದಿನಕ್ಕೆ ಹಸಿರು ಕಿಲುಬು. ಆಮೇಲೆ ಸ್ಟಾರ್ಟ್ ಬಟನ್ ಎಷ್ಟು ಒತ್ತಿದರೂ ಗಾಡಿ ಏಳುವುದಿಲ್ಲ.

ಸೀಗೆ ಹುಣ್ಣಿಮೆಯ ಬೆಳಿಗ್ಗೆ ಆರು ಗಂಟೆ. ಜುಬೇದಾಬಿ ಅಂಗಡಿಯಲ್ಲಿಲ್ಲ, ದೊಡವಾಡದಲ್ಲಿ ಚನ್ನವ್ವನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾರೆ. ಬೆಸುಗೆ ಕಡ್ಡಿಯ ವೈರು ಕಿಟಕಿಯಿಂದ ಬಂದಿದೆ. ಎದುರಿಗೆ ಏಳದೆ ನಿಂತಿರುವುದು ಅದೇ ಊರಿನ ಶಟ್ಟೆಪ್ಪನ ಬಾಡಿಗೆ ಕಾರು. ವಾರಕ್ಕೆ ಮೂರು ಸಲ ಅವನು ಚನ್ನವ್ವನನ್ನು ಡಯಾಲಿಸಿಸ್‌ಗೆ ಬೆಳಗಾವಿಗೆ ಕರೆದೊಯ್ಯುತ್ತಾನೆ. ಇವತ್ತೂ ಹತ್ತಕ್ಕೆ ಅಲ್ಲಿರಬೇಕು. ಹೋದ ತಿಂಗಳು ಒಂದು ಸರದಿ ತಪ್ಪಿದಾಗ ಆಕೆಗೆ ಕಾಲು ಬಾತು ಉಸಿರು ಸಿಕ್ಕಿರಲಿಲ್ಲ.

“ಬ್ಯಾರೆ ಗಾಡಿ ಎಲ್ಲಾ ಹುಣ್ಣಿಮೀಗೆ ದೇವಿ ಗುಡ್ಡಕ್ಕ ಹೋಗ್ಯಾವ್ರಿ ಜುಬೇದಕ್ಕಾ,” ಎನ್ನುತ್ತಾನೆ ಶಟ್ಟೆಪ್ಪ. ನಿನ್ನೆ ಬಸ್ಸು ಹತ್ತಿ ಬೆಳಗಾವಿಗೆ ಹೋಗಿ, ಗುಜರಿಯಲ್ಲಿ ಇದೇ ಜಾತಿಯ ಇನ್ನೊಂದು ಡಬ್ಬಿ ಕೊಂಡು ತಂದಿದ್ದಾನೆ. ಜೋಡಿಸಿದರೆ ಕಾರು ಅದನ್ನು ಒಪ್ಪುತ್ತಿಲ್ಲ.

“ಮೊದಲ ಗಾಡಿ ಕಾಗದ ತೋರಸು.”

“ನಾ ನಿಮಗ ಗೊತ್ತಿಲ್ಲದಾಂವ ಏನ್ರಿ?”

“ನೀ ಗೊತ್ತದಿ ತಮ್ಮಾ. ಗಾಡಿ ಯಾರದಂತ ಕಾಗದ ಹೇಳಬೇಕು. ನನ್ನ ಅಳಿಯಾ ಬಂದ್ರೂ ಕೇಳತೇನಿ.”

ಕಾಗದ ನೋಡಿದ ಮೇಲೆ ಹಳೆಯ ಡಬ್ಬಿ ಬಿಚ್ಚುತ್ತಾರೆ. “ಎಷ್ಟು ನೀರು ಹಾಕಿದಿ?”

“ಒಂದ್ ಕಾಯೀದ್ರಿ.”

“ಎರಡು,” ಎನ್ನುತ್ತಾಳೆ ಬಾಗಿಲಲ್ಲಿ ಕುಳಿತ ಚನ್ನವ್ವ. “ನಾ ಕಣ್ಣಾರೆ ನೋಡೇನಿ.”

ಹಳೆಯ ಡಬ್ಬಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಚಿಪ್. ಗಾಡಿಯ ಗುರುತೆಲ್ಲ ಅದರಲ್ಲಿ. ಅದನ್ನು ಬಿಡಿಸಿ, ಕೊಂಡುತಂದ ಡಬ್ಬಿಗೆ ಬೆಸೆದರೆ ಕಾರು ಒಪ್ಪುತ್ತದೆ. ಅದರ ಎಂಟು ತಂತಿಕಾಲುಗಳಲ್ಲಿ ಒಂದು ಮುರಿದರೂ ಗುರುತು ಹೋದಂತೆಯೇ. ಕಂಪನಿಯವರಿಂದ ಹೊಸದು ಬರಲು ಹದಿನೈದು ದಿನ.

ಜುಬೇದಾಬಿ ಕಾದ ಕಡ್ಡಿಯ ತುದಿ ತಾಗಿಸುತ್ತಾರೆ. ಐದು ಕಾಲು ಬಿಡುತ್ತವೆ. ಆರನೆಯದು ಕಿಲುಬಿನಲ್ಲಿ ಅಂಟಿದೆ. ಎಳೆಯುವುದಿಲ್ಲ, ಕಡ್ಡಿ ಪಕ್ಕಕ್ಕಿಟ್ಟು, ಕುಂಚದಿಂದ ಒರೆಸಿ, ಮತ್ತೆ ಕಾಯಿಸುತ್ತಾರೆ. ಶಟ್ಟೆಪ್ಪ ಗಡಿಯಾರ ನೋಡುತ್ತಾನೆ.

“ನೀ ಹಿಂಗ ಮ್ಯಾಲ ನಿಂತರ ನಿನ್ನ ನೆರಳು ಬೀಳತೈತಿ. ಆ ಕಡೆ ಹೋಗಿ ಕುಂಡ್ರು. ಏನರ ತಿಂದೀಯೇನು?”

“ನಿನ್ನೆ ಮಧ್ಯಾಹ್ನ ತಿಂದದ್ದರಿ.”

ಐವತ್ತೇಳರ ಕಣ್ಣಿಗೆ ಈಗೀಗ ಇಂಥ ಕೆಲಸ ಭಾರವಾಗುತ್ತಿದೆ. “ದೀಪ ಇರೋ ದೊಡ್ಡ ಭೂತಗನ್ನಡಿ ಒಂದು ತಗೋಬೇಕಂತ ಆಸೆ ಐತ್ರಿ. ಅದೊಂದು ಇದ್ದರ ಇನ್ನ ಹತ್ತು ವರ್ಷ ಮಾಡತೇನಿ,” ಎನ್ನುತ್ತಾರೆ ಚನ್ನವ್ವನಿಗೆ, ತಲೆ ಎತ್ತದೆ.

ಏಳೂವರೆಗೆ ಕೊಂಡುತಂದ ಡಬ್ಬಿಯಲ್ಲಿ ಎಂಟನೆಯ ಕಾಲು ಕೂರುತ್ತದೆ. ಡಬ್ಬಿ ಕಾರಿನೊಳಗೆ ಹೋಗುತ್ತದೆ. ಶಟ್ಟೆಪ್ಪ ಬಟನ್ ಒತ್ತುತ್ತಾನೆ. ಏನೂ ಇಲ್ಲ. “ಬ್ರೇಕ್ ತುಳೀಯೋ ಮಾರಾಯಾ,” ಎನ್ನುತ್ತಾರೆ ಜುಬೇದಾಬಿ. ತುಳಿದು ಒತ್ತುತ್ತಾನೆ. ಇಂಜಿನ್ ಗುಡುಗಿ ಸಮನಾಗುತ್ತದೆ.

ಚನ್ನವ್ವನ ತೋಳು ಹಿಡಿದು ಹಿಂದಿನ ಸೀಟಿಗೆ ಕೂರಿಸುತ್ತಾರೆ. ಆಮೇಲೆ ಚೀಲದಿಂದ ತಮ್ಮ ಮಧ್ಯಾಹ್ನದ ಬುತ್ತಿ ತೆಗೆದು, ರೊಟ್ಟಿಯ ಗಂಟಿನ ಮೇಲೆ ಪಲ್ಯದ ಡಬ್ಬಿ ಇಟ್ಟು, ಚಾಲಕನ ಕಿಟಕಿಯೊಳಗೆ ಚಾಚುತ್ತಾರೆ. ಅವನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅದು ಅವನ ತೊಡೆಯ ಮೇಲಿರುತ್ತದೆ, ಜುಬೇದಾಬಿ ವೈರು ಸುತ್ತುತ್ತಿರುತ್ತಾರೆ.