ಕತ್ತಲಾಗುವವರೆಗಿನ ಬಾಯಾರಿಕೆ

ಮಂಡ್ಯದಿಂದ ಹೊರಟ ಮೊದಲ ಬಸ್ಸು ಕೆರಗೋಡಿನ ದಾರಿ ಹಿಡಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಒಂದು ತಿರುವಿನಲ್ಲಿ ಬಸ್ಸಿನ ದೀಪ ಬಿದ್ದದ್ದೇ ತಡ, ರಸ್ತೆಯ ಎರಡೂ ಬದಿಯಲ್ಲಿ ಹೆಂಗಸರು ಸಾಲಾಗಿ ಎದ್ದು ನಿಂತರು.

"ನಿಲ್ಲಿಸಿ ಮಾರಾಯ್ರೆ, ಅಷ್ಟು ಜನ ಕಾಯ್ತಾ ಇದ್ದಾರಲ್ಲ!" ಎಂದು ನಾನು ಕೂಗಿದೆ. ಕಂಡಕ್ಟರು ತಲೆ ತಗ್ಗಿಸಿ ಚೀಟಿ ಹರಿಯತೊಡಗಿದ. ಪಕ್ಕದ ಹೆಂಗಸು ಮೊಣಕೈಯಿಂದ ತಿವಿದಳು.

"ಸುಮ್ಕಿರವ್ವ. ಅವ್ರು ಬಸ್ಸಿಗ್ ನಿಂತಿಲ್ಲ."

ತಿರುಗಿ ನೋಡಿದೆ. ಬಸ್ಸು ದಾಟಿದ ಮೇಲೆ ಆ ನೆರಳುಗಳೆಲ್ಲ ಮತ್ತೆ ಕುಳಿತುಕೊಳ್ಳುತ್ತಿದ್ದವು. ಆಗ ಅರ್ಥವಾಯಿತು. ಮುಂದೆ ಒಂದೇ ವಾರದಲ್ಲಿ, ದೀಪ ಬಿದ್ದಾಗ ಎದ್ದು ನಿಲ್ಲುವವರಲ್ಲಿ ನಾನೂ ಒಬ್ಬಳಾದೆ.

ಉಡುಪಿ ಕಡೆಯ ನನ್ನ ಜನ ಇದನ್ನು ಓದಿ ಮೂಗು ಮುರಿಯಬಾರದು. ನಾವೇನೂ ದೊಡ್ಡ ನಾಗರಿಕರಲ್ಲ. ನಮ್ಮಲ್ಲೂ ಎಲ್ಲರ ಮನೆಗೆ ಕಕ್ಕಸಿಲ್ಲ. ಆದರೆ ಮನೆಗೊಂದು ಬಾವಿಯಿದೆ, ಹಿಂದೆ ಮರಗಿಡ ದಟ್ಟವಾದ ಹಾಡಿಯಿದೆ, ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಮರೆಯಿದೆ. ಇಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಊರು ದಾಟಿದರೆ ಗದ್ದೆ, ಕಬ್ಬು, ಅಣೆಕಟ್ಟಿನ ನೀರು ತರುವ ನಾಲೆ. ಕತ್ತಲಲ್ಲಿ ಆ ನಾಲೆಯ ಏರಿಯ ಮೇಲೆ ಕೂರುತ್ತಾರೆ, ಬೆಳಗಾದ ಮೇಲೆ ಅದೇ ನಾಲೆಯಿಂದ ಕುಡಿಯುವ ನೀರಿನ ಕೊಡ ತುಂಬುತ್ತಾರೆ. ಎಪ್ಪತ್ತರ ದಶಕ ಅರ್ಧ ಕಳೆದರೂ, ಊರಿಗೆ ಕರೆಂಟು ಬಂದರೂ, ಇದು ಬದಲಾಗಿಲ್ಲ.

ನಾನು ಇಲ್ಲಿಯ ಶಾಲೆಗೆ ಟೀಚರಾಗಿ ಬಂದವಳು. ಗೌಡರೊಬ್ಬರ ಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಕಕ್ಕಸು ಎಲ್ಲಿ ಎಂದು ಕೇಳಿದ್ದಕ್ಕೆ ಗೌಡರ ಹೆಂಡತಿ ಚಿಕ್ಕತಾಯಮ್ಮ ಬಾಗಿಲಿನಾಚೆ ಕೈ ತೋರಿಸಿ ನಕ್ಕರು. "ನಮ್ ಒಲ ಎಲ್ಲೀಗಂಟ ಐತೋ ಅಲ್ಲೀಗಂಟ ನಿಂದೇ ಕಣವ್ವ!"

ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ನನಗೆ ಮುದ್ದೆ ನುಂಗುವುದನ್ನು ಕಲಿಸಿದವಳು ಆ ಮನೆಯ ಸೊಸೆ ಜಯಮ್ಮ. ನನಗಿಂತ ಚಿಕ್ಕವಳು, ಬಾಯಿ ಜೋರು. "ಅಗೀಬ್ಯಾಡಕ್ಕ, ಜಾರುಸ್ಬುಡು" ಎನ್ನುತ್ತಿದ್ದಳು. ಮೊದಲ ಬಾರಿ ಕಣ್ಣೀರಿಲ್ಲದೆ ಮುದ್ದೆ ಮುಗಿಸಿದ ದಿನ ಅವಳು ಚಪ್ಪಾಳೆ ತಟ್ಟಿದಳು. ನಾನು ನೀರಿನ ಲೋಟ ಅವಳತ್ತ ಸರಿಸಿದೆ. ಅವಳು ಮುಟ್ಟಲಿಲ್ಲ.

"ಕತ್ಲಾಗ್ಲಿ ಬುಡಕ್ಕ."

ಇಲ್ಲಿನ ಹೆಂಗಸರು ಹಗಲು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕು, ಹೋಗಲು ಮರೆಯಿಲ್ಲ. ನಾಲೆ ತುಂಬಿ ಹರಿಯುವ ನಾಡಿನಲ್ಲಿ, ನೀರನ್ನು ಕಣ್ಣಲ್ಲಿ ನೋಡುತ್ತಾ ಬಾಯಿ ಒಣಗಿಸಿಕೊಂಡು ಕೂರುವವರನ್ನು ನಾನು ಮೊದಲ ಬಾರಿ ಕಂಡೆ.

ಕಬ್ಬು ಆಳೆತ್ತರ ಬೆಳೆದ ತಿಂಗಳುಗಳಲ್ಲಿ ಮಾತ್ರ ಎಲ್ಲರ ಮುಖದಲ್ಲೂ ಗೆಲುವು. "ಕಬ್ಬು ಎದ್ಮೇಲೆ ನಮ್ಗೂ ಒಂದ್ ಕ್ವಾಣೆ ಸಿಕ್ದಂಗೆ ಕಣಕ್ಕ" ಎಂದು ಜಯಮ್ಮ ಹೇಳುತ್ತಿದ್ದಳು. ಗರಿ ಕೈಕಾಲು ಕೊಯ್ಯುತ್ತದೆ, ಹಾವಿನ ಭಯ ಬೇರೆ. ಆದರೂ ಅದು ಮರೆ. ಆ ದಿನಗಳಲ್ಲಿ ಅವಳು ಮಧ್ಯಾಹ್ನವೂ ಒಂದು ಲೋಟ ನೀರು ಕುಡಿಯುತ್ತಿದ್ದಳು.

ಮುಂದಿನ ಕಟಾವಿನ ಹೊತ್ತಿಗೆ ಅವಳು ಏಳು ತಿಂಗಳ ಬಸುರಿ. ಆ ವಾರ ಗದ್ದೆಗೆ ನಾಲೆಯ ನೀರು ತಡವಾಯಿತೆಂದು ಗೌಡರು ಊರವರೊಂದಿಗೆ ಮಂಡ್ಯದ ಕಚೇರಿಗೆ ಹೋಗಿ ಗಲಾಟೆ ಮಾಡಿ ಬಂದಿದ್ದರು. "ನಾಲೆ ನೀರು ನಮ್ ಅಕ್ಕು! ಬುಟ್ಬುಡ್ತೀವಾ?" ಎಂದು ಜಗಲಿಯಲ್ಲಿ ಗುಡುಗುತ್ತಿದ್ದರು. ನಾನು ಸುಮ್ಮನಿರಲಾಗದೆ ಕೇಳಿದೆ.

"ಗೌಡ್ರೇ, ಗದ್ದೆಗೆ ನೀರು ಹಕ್ಕಾದ್ರೆ ನಿಮ್ಮ ಸೊಸೆಗೆ ಹಕ್ಕಲ್ವಾ? ಹಿತ್ತಲಲ್ಲಿ ಒಂದು ಕಕ್ಕಸು ಕಟ್ಟಿಸಿ. ಅವಳು ನೆಮ್ಮದಿಯಾಗಿ ನೀರು ಕುಡೀಲಿ."

"ದೇವ್ರಿರೋ ಮನೆಗೆ ಕಕ್ಕಸ್ ಅಂಟುಸ್ಕೊಳಕಾಯ್ತದಾ ಟೀಚರಮ್ಮ? ನಮ್ಮವ್ವನೂ ಇಂಗೇ ಬಾಳುದ್ಲು."

"ಹಾಗಾದ್ರೆ ಹೆರಿಗೆ ಆಗೋವರೆಗೆ ಮನೆ ಹಿಂದಿನ ಒಂದು ಸಾಲು ಕಬ್ಬನ್ನಾದ್ರೂ ಬಿಡಿ."

"ಕಡಿಯಾಕೆ ಫ್ಯಾಕ್ಟ್ರಿಯಿಂದ ಪರ್ಮಿಟ್ ಬಂದದೆ. ಒಣಗ್ಸಾಕಾಯ್ತದಾ?" ಎಂದು ಅವರು ಎದ್ದು ಹೋದರು.

ಹೊಲ ಬಯಲಾಯಿತು. ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ಬೆಳಕಾಗುವ ಮೊದಲೇ ಹೊರಡುತ್ತಿದ್ದವು. ಒಂದೊಂದು ಗಾಡಿಯ ಲಾಂದ್ರ ಕಂಡಾಗಲೂ ಜಯಮ್ಮ ನನ್ನ ಭುಜ ಹಿಡಿದು ಎದ್ದು ನಿಲ್ಲುತ್ತಿದ್ದಳು. ಗಾಡಿ ದಾಟಿದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಎಷ್ಟೋ ದಿನ ಆಗದೆ ಹಾಗೇ ತಡೆದುಕೊಂಡು ಮನೆಗೆ ಬಂದಳು. ಮೊದಲು ಉರಿ ಎಂದಳು. ಆಮೇಲೆ ಚಳಿಜ್ವರ ಬಂತು.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ನೀರು ಸರಿಯಾಗಿ ಕುಡೀತಿದ್ದೀಯೇನಮ್ಮ?"

ಜಯಮ್ಮ ಅತ್ತೆಯ ಮುಖ ನೋಡಿದಳು. ಚಿಕ್ಕತಾಯಮ್ಮ ನೆಲ ನೋಡಿದರು. ನೀರು ಕುಡಿಯದೆ, ಮೂತ್ರ ತಡೆದು ತಡೆದು ನಂಜಾಗಿದೆ, ಅದರಿಂದಲೇ ಜ್ವರ ಎಂದರು ಡಾಕ್ಟರಮ್ಮ. ಮರುದಿನ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತು. ಅಳಲಿಲ್ಲ. ಗೌಡರು ಆ ಪುಟ್ಟ ಗಂಟನ್ನು ಎತ್ತಿಕೊಂಡು ಹೊರಗೆ ನಡೆದರು. ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬೆಳೆಗೆ ನೀರಿನ ಸರದಿ ತಪ್ಪಿದರೆ ಊರಿಗೆ ಊರೇ ಕಚೇರಿಗೆ ಹೋಗುತ್ತದೆ. ಜಯಮ್ಮನಿಗಾಗಿ ಯಾರೂ ಎಲ್ಲಿಗೂ ಹೋಗಲಿಲ್ಲ.

ಮರುವರ್ಷದ ಕಟಾವಿನಲ್ಲಿ ಮನೆಯ ಹಿಂದೆ ಅಗಲವಾದ ಒಂದು ಪಟ್ಟಿ ಕಬ್ಬು ಹಾಗೇ ಉಳಿಯಿತು. ಕಡಿಯುವ ಆಳು ಮಚ್ಚು ಹಿಡಿದು ಅತ್ತ ಹೋದಾಗ ಗೌಡರು ತಡೆದರು.

"ಅದ ಮುಟ್ಬ್ಯಾಡ ಕಣ್ಲಾ. ಅದು ನಮ್ ಎಣ್ಮಕ್ಳದು."

ಕಬ್ಬು ಒಣಗಿ ಹೂ ಬಿಟ್ಟಿತು. ಬೀದಿಯ ಹೆಂಗಸರೆಲ್ಲ ಅಲ್ಲಿಗೆ ಬರತೊಡಗಿದರು. ಕಕ್ಕಸನ್ನು ಮಾತ್ರ ಗೌಡರು ಕಟ್ಟಿಸಲಿಲ್ಲ. ಇದನ್ನು ನನ್ನ ಗೆಲುವೆಂದು ಬರೆಯಲು ನಾಚಿಕೆಯಾಗುತ್ತದೆ. ಮರೆ ಬಂದರೂ ಜಯಮ್ಮ ಹಗಲು ನೀರು ಮುಟ್ಟುವುದಿಲ್ಲ. ಗಂಟಲಿಗೆ ಇಳಿಯುವುದೇ ಇಲ್ಲವಂತೆ.

ಈ ಬೇಸಿಗೆ ರಜೆಗೆ ಉಡುಪಿಗೆ ಹೋಗಿದ್ದೆ. ಹೆಬ್ಬಾಗಿಲು ದಾಟುವಾಗಲೇ ಬಾವಿಯ ರಾಟೆಯ ಸದ್ದು. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಅಮ್ಮ ಆಗಷ್ಟೇ ಸೇದಿದ ನೀರನ್ನು ಲೋಟ ತುಂಬ ತಂದಿಟ್ಟರು. ನಾನು ಊಟ ಮುಗಿಸಿ ಎದ್ದೆ. ಲೋಟ ತುಂಬಿದ ಹಾಗೇ ಇತ್ತು.

"ನೀರು ಕುಡಿಲಿಕ್ಕಿಲ್ವಾ ಮಗಾ?" ಅಮ್ಮ ಕೇಳಿದರು.

"ಕತ್ಲಾಗ್ಲಿ ಬುಡವ್ವ" ಎಂದೆ.

ಅಮ್ಮ ನನ್ನನ್ನು ಯಾರೋ ನೆಂಟರ ಮನೆಯವಳನ್ನು ನೋಡುವಂತೆ ನೋಡಿದರು. ಹೊರಗೆ ಬಾವಿ ತುಂಬಾ ನೀರಿತ್ತು, ಬಚ್ಚಲಿಗೆ ಬಾಗಿಲಿತ್ತು, ಬಾಗಿಲಿಗೆ ಅಗುಳಿಯೂ ಇತ್ತು.